ರಬ್ಬರು ಮೀರಿದ ನಿಯಮ: ಟೈರಿನ ಹಿಡಿತದ ಚರಿತ್ರೆ

ಘರ್ಷಣೆಯ ಪಾಠದಲ್ಲಿ ನೀವು ಎರಡು ನಿಯಮಗಳನ್ನು ಓದಿರುತ್ತೀರಿ, ಅಧ್ಯಾಪಕರಾಗಿದ್ದರೆ ಹೇಳಿಕೊಟ್ಟಿರುತ್ತೀರಿ. ಘರ್ಷಣಾ ಬಲವು ಎರಡು ಮೇಲ್ಮೈಗಳನ್ನು ಒತ್ತುವ ಭಾರಕ್ಕೆ ಅನುಪಾತದಲ್ಲಿರುತ್ತದೆ ಎಂಬುದು ಮೊದಲನೆಯದು. ಅದು ಮೇಲ್ಮೈಗಳು ತಾಗುವ ಕ್ಷೇತ್ರಫಲವನ್ನು ಅವಲಂಬಿಸಿಲ್ಲ ಎಂಬುದು ಎರಡನೆಯದು. ಈಗ ತರಗತಿಯ ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು, "ಹಾಗಾದರೆ ರೇಸ್ ಕಾರಿನ ಟೈರು ಅಷ್ಟು ಅಗಲವಾಗಿರುವುದೇಕೆ?" ಎಂದು ಕೇಳಿದರೆ ಏನು ಉತ್ತರ ಹೇಳುವಿರಿ?

ಈ ಪ್ರಶ್ನೆ ಕೇವಲ ಪರೀಕ್ಷೆಯದಲ್ಲ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ 2013ರಿಂದ ಹೋಂಡಾ ದ್ವಿಚಕ್ರ ವಾಹನಗಳು ತಯಾರಾಗುತ್ತಿವೆ. ಬೆಂಗಳೂರಿನಿಂದ ಕೋಲಾರ, ಮುಳಬಾಗಿಲಿನ ಮೂಲಕ ಹಾದುಹೋಗುವ ಹೆದ್ದಾರಿ ವಿಶಾಲವಾಗಿದೆ, ನುಣುಪಾಗಿದೆ. ವೇಗದ ಮೋಹವಿರುವ ತರುಣರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರಲ್ಲಿ ಕೆಲವರು ಹವ್ಯಾಸಿ ಆಟೋಕ್ರಾಸ್ ಸ್ಪರ್ಧೆಗಳಿಗೂ ರೇಸ್ ಪಥಗಳಿಗೂ ಹೋಗಲು ಬಯಸುತ್ತಾರೆ. ವಾಹನಕ್ಕೆ ಮೊದಲು ಬದಲಾಯಿಸುವುದು ಟೈರನ್ನೇ. ಯಾವ ಟೈರು ಒಳ್ಳೆಯದು? ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳಿಗೆ ಸುಮಾರು 260 ವರ್ಷಗಳು ಹಿಡಿದವು.

ಅಮೊಂತೊ ಮತ್ತು ಕುಲಂ

ಮೇಲಿನ ಎರಡು ನಿಯಮಗಳನ್ನು 1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮೊಂತೊ ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟನು. ಮುಂದೆ 1785ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಷಾರ್ಲ್ ಕುಲಂ ಅವನ್ನು ವಿಸ್ತಾರವಾದ ಪ್ರಯೋಗಗಳಿಂದ ದೃಢಪಡಿಸಿದನು. ವಿದ್ಯುದಾವೇಶಗಳ ನಿಯಮದಿಂದ ನಮಗೆ ಪರಿಚಿತನಾದ ಕುಲಂ ಇವನೇ. ಇವರು ಪರೀಕ್ಷಿಸಿದ್ದು ಮುಖ್ಯವಾಗಿ ಮರ ಮತ್ತು ಲೋಹಗಳನ್ನು. ಅವರ ಕಾಲದ ಯಂತ್ರಗಳಲ್ಲಿ ಉಜ್ಜಾಡುತ್ತಿದ್ದುದು ಅವೇ ತಾನೆ!

ಕ್ಷೇತ್ರಫಲಕ್ಕೂ ಘರ್ಷಣೆಗೂ ಸಂಬಂಧವಿಲ್ಲದಿರುವುದು ಹೇಗೆ ಎಂಬುದು ಬಹುಕಾಲ ಒಗಟಾಗಿತ್ತು. ಕೇಂಬ್ರಿಜ್‌ನ ಬೌಡನ್ ಮತ್ತು ಡೇವಿಡ್ ಟೇಬರ್ ಇದನ್ನು ಬಿಡಿಸಿದರು. ಅವರ ಪ್ರಸಿದ್ಧ ಗ್ರಂಥ ಪ್ರಕಟವಾದದ್ದು 1950ರಲ್ಲಿ. ಎಷ್ಟೇ ನುಣುಪಾದ ಲೋಹವೂ ಸೂಕ್ಷ್ಮವಾಗಿ ನೋಡಿದರೆ ಬೆಟ್ಟಗುಡ್ಡಗಳ ಸಾಲು. ಎರಡು ಮೇಲ್ಮೈಗಳು ನಿಜವಾಗಿ ತಾಗುವುದು ಈ ಗುಡ್ಡಗಳ ತುದಿಗಳಲ್ಲಿ ಮಾತ್ರ. ಭಾರ ಹೆಚ್ಚಿದಂತೆ ತುದಿಗಳು ನಜ್ಜಾಗಿ, ನಿಜವಾದ ಸ್ಪರ್ಶ ಕ್ಷೇತ್ರ ಭಾರದಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಆದ್ದರಿಂದ ಘರ್ಷಣೆ ಅವಲಂಬಿಸಿರುವುದು ಕ್ಷೇತ್ರಫಲವನ್ನೇ. ಆದರೆ ಕಣ್ಣಿಗೆ ಕಾಣುವ ಕ್ಷೇತ್ರಫಲವನ್ನಲ್ಲ.

ಈಗ ಲೋಹದ ಜಾಗದಲ್ಲಿ ರಬ್ಬರನ್ನು ಇಡಿ. ರಬ್ಬರು ನಜ್ಜಾಗುವುದಿಲ್ಲ, ಬಾಗಿಕೊಡುತ್ತದೆ. ಭಾರ ತೆಗೆದರೆ ಮತ್ತೆ ಮೊದಲಿನಂತಾಗುತ್ತದೆ. ಸ್ಥಿತಿಸ್ಥಾಪಕ ಗೋಳವೊಂದನ್ನು ಸಮತಲದ ಮೇಲೆ ಒತ್ತಿದರೆ ಸ್ಪರ್ಶ ಕ್ಷೇತ್ರ ಎಷ್ಟಾಗುತ್ತದೆ ಎಂಬ ಲೆಕ್ಕವನ್ನು ಹೈನ್ರಿಷ್ ಹರ್ಟ್ಸ್ 1882ರಲ್ಲೇ ಪ್ರಕಟಿಸಿದ್ದನು. ಆ ಲೆಕ್ಕದಂತೆ ಭಾರ 8 ಪಟ್ಟು ಹೆಚ್ಚಿದರೆ ಕ್ಷೇತ್ರ ಹೆಚ್ಚುವುದು 4 ಪಟ್ಟು ಮಾತ್ರ. ಘರ್ಷಣೆಯೂ ಹಾಗೆಯೇ 4 ಪಟ್ಟಾಯಿತೆನ್ನಿ. ಆಗ ಘರ್ಷಣಾಂಕ ಅರ್ಧಕ್ಕಿಳಿಯಿತು. ರಬ್ಬರಿನ ಘರ್ಷಣಾಂಕ ಭಾರದೊಂದಿಗೆ ಹೀಗೆ ಇಳಿಯುವುದನ್ನು ಅಡಾಲ್ಫ್ ಶಾಲಮಾಖ್ 1952ರಲ್ಲಿ ತೋರಿಸಿದನು.

ಅಗಲ ಟೈರಿನ ಪ್ರಶ್ನೆಗೆ ಇಲ್ಲಿ ಉತ್ತರದ ಒಂದು ಭಾಗ ಸಿಗುತ್ತದೆ. 900 ಕೆಜಿ ತೂಗುವ ಸಣ್ಣ ಕಾರನ್ನು ತೆಗೆದುಕೊಳ್ಳಿ. ಒಂದೊಂದು ಚಕ್ರದ ಮೇಲೆ ಸುಮಾರು 225 ಕೆಜಿ ಭಾರ. ಗಾಳಿಯ ಒತ್ತಡ ಚದರ ಸೆಂಮೀಗೆ 2.1 ಕೆಜಿ. ಭಾಗಿಸಿದರೆ ಸುಮಾರು 107 ಚದರ ಸೆಂಮೀ, ಅಂದರೆ ಹೆಚ್ಚುಕಡಿಮೆ ನಿಮ್ಮ ಅಂಗೈಯಷ್ಟು ಜಾಗ. ಟೈರನ್ನು ಅಗಲ ಮಾಡಿ ಒತ್ತಡವನ್ನು ಅಷ್ಟೇ ಇಟ್ಟರೆ ಈ ಜಾಗ ಹೆಚ್ಚೇನೂ ಬದಲಾಗದು, ಉದ್ದವಾಗಿದ್ದದ್ದು ಅಡ್ಡವಾಗುತ್ತದೆ. ಆದರೆ ಅಗಲ ಟೈರಿಗೆ ಕಡಿಮೆ ಒತ್ತಡ ಸಾಕಾಗುತ್ತದೆ. ಶಾಖ ಮತ್ತು ಸವೆತ ಹೆಚ್ಚು ರಬ್ಬರಿಗೆ ಹಂಚಿಹೋಗುತ್ತವೆ. ಆದ್ದರಿಂದ ಹೆಚ್ಚು ಮೃದುವಾದ ರಬ್ಬರನ್ನು ಬಳಸಲು ಸಾಧ್ಯವಾಗುತ್ತದೆ. ಅಗಲದ ನಿಜವಾದ ಲಾಭ ಇದು.

ಸ್ಪರ್ಧೆಯಲ್ಲಿ ಬೆಳೆದ ಟೈರು

ಗಾಳಿ ತುಂಬಿದ ಟೈರಿನ ಮೊದಲ ಪೇಟೆಂಟು ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್‌ನದು, ವರ್ಷ 1845. ಅದನ್ನು ಜನ ಮರೆತರು. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಡನ್‌ಲಪ್ ಅದನ್ನು ಮತ್ತೆ ಕಂಡುಹಿಡಿದನು. ಮಾರನೆಯ ವರ್ಷವೇ ವಿಲಿ ಹ್ಯೂಮ್ ಎಂಬ ಸೈಕಲ್ ಪಟು ಡನ್‌ಲಪ್ ಟೈರು ತೊಡಿಸಿದ ಸೈಕಲಿನಲ್ಲಿ ಸ್ಪರ್ಧೆಗಳನ್ನು ಗೆದ್ದಾಗ ಜನರಿಗೆ ನಂಬಿಕೆ ಬಂತು. 1895ರ ಪ್ಯಾರಿಸ್-ಬೋರ್ಡೊ-ಪ್ಯಾರಿಸ್ ಮೋಟಾರು ಓಟದಲ್ಲಿ ಮಿಶಲಾ ಸೋದರರು ಗಾಳಿ ಟೈರಿನ ಕಾರನ್ನು ಓಡಿಸಿದರು. ಮೇಲಿಂದ ಮೇಲೆ ಪಂಚರ್ ಆಯಿತು, ಗೆಲುವು ಸಿಗಲಿಲ್ಲ. ಆದರೂ ಕಾರಿನ ಭಾರವನ್ನು ಗಾಳಿ ಹೊರಬಲ್ಲದೆಂಬುದು ಸಿದ್ಧವಾಯಿತು.

ಆಗಿನ ಟೈರುಗಳು ಕಪ್ಪಾಗಿರಲಿಲ್ಲ, ಮಾಸಲು ಬಿಳಿಯಾಗಿದ್ದವು. ಇಂಗಾಲದ ಮಸಿಯನ್ನು ಬೆರೆಸಿದರೆ ರಬ್ಬರಿನ ಬಲ ಬಹಳವಾಗಿ ಹೆಚ್ಚುತ್ತದೆ ಎಂಬುದನ್ನು 1904ರಲ್ಲಿ ಲಂಡನ್ನಿನ ಸಿಲ್ವರ್‌ಟೌನ್ ಕಾರ್ಖಾನೆಯಲ್ಲಿ ಮೋಟ್ ಎಂಬ ರಸಾಯನಜ್ಞನು ಕಂಡುಕೊಂಡನು. ಇಂದು ನಾವು ನೋಡುವ ಟೈರಿನ ಕಪ್ಪು ಬಣ್ಣಕ್ಕೆ ಇದೇ ಕಾರಣ.

1942ರಲ್ಲಿ ಮಲಯ ಜಪಾನೀಯರ ವಶವಾದಾಗ ಅಮೆರಿಕಕ್ಕೆ ನೈಸರ್ಗಿಕ ರಬ್ಬರು ಬರುವುದು ನಿಂತಿತು. ಸ್ಟೈರೀನ್ ಮತ್ತು ಬ್ಯೂಟಡೈಈನ್‌ಗಳಿಂದ ಕೃತಕ ರಬ್ಬರನ್ನು ಭಾರಿ ಪ್ರಮಾಣದಲ್ಲಿ ತಯಾರಿಸುವುದು ಅನಿವಾರ್ಯವಾಯಿತು. ಈ ಬದಲಿ ವಸ್ತುವಿಗೆ ಒಂದು ದೋಷವಿತ್ತು. ಓಡುವಾಗ ಅದು ನೈಸರ್ಗಿಕ ರಬ್ಬರಿಗಿಂತ ಹೆಚ್ಚು ಬಿಸಿಯಾಗುತ್ತಿತ್ತು. ಈ ದೋಷವೇ ಹಿಡಿತದ ಗುಟ್ಟು ಎಂಬುದು ತಿಳಿದದ್ದು ಯುದ್ಧದ ನಂತರ.

ಹಿಡಿತ ಎಂದರೇನು?

1958ರಲ್ಲಿ ಗ್ರೀನ್‌ವುಡ್ ಮತ್ತು ಟೇಬರ್ ಒಂದು ಸರಳ ಪ್ರಯೋಗ ಮಾಡಿದರು. ರಬ್ಬರಿಗೆ ಚೆನ್ನಾಗಿ ಜಾರು ದ್ರವ ಸವರಿ, ಅದರ ಮೇಲೆ ಗಟ್ಟಿಯಾದ ಗುಂಡನ್ನು ಜಾರಿಸಿದರು. ಅಂಟಿಕೊಳ್ಳುವ ಪ್ರಶ್ನೆಯೇ ಇಲ್ಲದಿದ್ದರೂ ಘರ್ಷಣೆ ಉಳಿಯಿತು! ಗುಂಡು ಮುಂದೆ ಸಾಗುವಾಗ ತನ್ನ ಮುಂದಿನ ರಬ್ಬರನ್ನು ತಗ್ಗಿಸುತ್ತದೆ, ಹಿಂದಿನ ರಬ್ಬರು ಮೇಲೇಳುತ್ತದೆ. ತಗ್ಗಿಸಲು ವ್ಯಯವಾದ ಶಕ್ತಿ ಪೂರ್ತಿಯಾಗಿ ಮರಳಿ ಬರುವುದಿಲ್ಲ. ಒಂದು ಪಾಲು ಶಾಖವಾಗುತ್ತದೆ. ಈ ನಷ್ಟಕ್ಕೆ ಹಿಸ್ಟರಿಸಿಸ್ ಎಂದು ಹೆಸರು. ರಸ್ತೆಯ ಜಲ್ಲಿಯ ಒಂದೊಂದು ಮೊನೆಯೂ ಟೈರಿನ ಕೆಳಗೆ ಇಂಥ ಗುಂಡಿನಂತೆ ವರ್ತಿಸುತ್ತದೆ. ಒದ್ದೆ ರಸ್ತೆಯಲ್ಲಿ ಬ್ರೇಕು ಹಿಡಿಯುವುದಕ್ಕೆ ಈ ನಷ್ಟದ ಪಾತ್ರ ದೊಡ್ಡದು.

1963ರಲ್ಲಿ ಇಂಗ್ಲೆಂಡಿನ ನೈಸರ್ಗಿಕ ರಬ್ಬರು ಸಂಶೋಧನಾಲಯದ ಗ್ರೋಷ್ ಇನ್ನೊಂದು ಮಹತ್ವದ ಅಂಶವನ್ನು ಪ್ರಕಟಿಸಿದನು. ರಬ್ಬರಿನ ಘರ್ಷಣಾಂಕ ಸ್ಥಿರ ಸಂಖ್ಯೆಯಲ್ಲ. ಅದು ಜಾರುವ ವೇಗ ಮತ್ತು ಉಷ್ಣತೆಗಳೊಂದಿಗೆ ಏರಿ, ಶಿಖರ ಮುಟ್ಟಿ, ಇಳಿಯುತ್ತದೆ. ಶಿಖರದಲ್ಲಿ ಅದು 1ನ್ನು ದಾಟುವುದುಂಟು. ಹಿಡಿತದಲ್ಲಿ ಎರಡು ಪಾಲುಗಳಿವೆ: ರಬ್ಬರಿನ ಅಣುಸರಪಳಿಗಳು ರಸ್ತೆಗೆ ಅಂಟಿ ಬಿಡುವುದರಿಂದ ಬರುವುದು ಒಂದು, ಮೇಲೆ ಹೇಳಿದ ಹಿಸ್ಟರಿಸಿಸ್ ಇನ್ನೊಂದು. ಎರಡೂ ಉಷ್ಣತೆಯ ಅಂಕೆಯಲ್ಲಿವೆ.

ಇದರಿಂದ ಟೈರಿನ ಆಯ್ಕೆಯ ಮೂಲಸೂತ್ರ ದೊರೆಯುತ್ತದೆ. ಹೆಚ್ಚು ಶಕ್ತಿ ನುಂಗುವ ರಬ್ಬರು ಹೆಚ್ಚು ಹಿಡಿಯುತ್ತದೆ. ಆದರೆ ಹೆಚ್ಚು ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ, ಇಂಧನವನ್ನೂ ಹೆಚ್ಚು ಕೇಳುತ್ತದೆ. ದಿನವಿಡೀ ಭಾರ ಹೊತ್ತು ಓಡುವ ಲಾರಿಯ ಟೈರಿಗೆ ಕಡಿಮೆ ಬಿಸಿಯಾಗುವ ನೈಸರ್ಗಿಕ ರಬ್ಬರೇ ಸೂಕ್ತ. ರೇಸ್ ಟೈರು ಕೆಲವೇ ಸುತ್ತುಗಳಲ್ಲಿ ಸವೆದುಹೋದರೂ ಅಡ್ಡಿಯಿಲ್ಲ. ಎಲ್ಲಕ್ಕೂ ಒಳ್ಳೆಯ ಟೈರು ಎಂಬುದು ಇಲ್ಲ.

ಹಳೆಯ ಮದ್ರಾಸು ರಸ್ತೆ

ಕೋಲಾರ ಮತ್ತು ಮುಳಬಾಗಿಲಿನ ಜನ ಹಳೆಯ ಮದ್ರಾಸು ರಸ್ತೆ ಎಂದು ಕರೆಯುವ ದಾರಿ ದಕ್ಷಿಣ ಭಾರತದ ಮೋಟಾರು ಸ್ಪರ್ಧೆಯ ಚರಿತ್ರೆಗೂ ಸೇರಿದೆ. ಎರಡನೇ ಮಹಾಯುದ್ಧದ ಕಾಲದ ವಿಮಾನ ಓಡುದಾರಿಯೊಂದು ಮದ್ರಾಸಿನ ಹೊರಗೆ ಶೋಲಾವರಂನಲ್ಲಿತ್ತು. ಅಲ್ಲಿ 1950ರ ದಶಕದಿಂದ ರೇಸುಗಳು ನಡೆದವು. 1990ರಲ್ಲಿ ಇರುಂಗಾಟ್ಟುಕೋಟ್ಟೈಯಲ್ಲಿ ರೇಸಿಗೆಂದೇ ನಿರ್ಮಿಸಿದ ಪಥ ಸಿದ್ಧವಾಯಿತು. ಅದು ಇರುವುದು ಅಂದಿನ ರಾಷ್ಟ್ರೀಯ ಹೆದ್ದಾರಿ 4ರ ಮಗ್ಗುಲಲ್ಲಿ. ಕೋಲಾರ, ಮುಳಬಾಗಿಲು, ಚಿತ್ತೂರುಗಳನ್ನು ದಾಟಿ ಬರುತ್ತಿದ್ದುದೂ ಅದೇ ಹೆದ್ದಾರಿಯೇ. 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾಯಿತು. ಬೆಂಗಳೂರಿನಿಂದ ಮುಳಬಾಗಿಲಿನವರೆಗಿನ ಭಾಗ ಈಗ 75.

ಟೈರು ತಯಾರಿಕೆಯೂ ಇದೇ ಪ್ರದೇಶದಲ್ಲಿ ಬೆಳೆಯಿತು. 1946ರಲ್ಲಿ ಮದ್ರಾಸಿನಲ್ಲಿ ಆಟದ ಬಲೂನು ತಯಾರಿಸಲು ಆರಂಭವಾದ ಎಂ.ಆರ್.ಎಫ್., 1952ರಲ್ಲಿ ರಿಟ್ರೆಡ್ ರಬ್ಬರಿಗೆ, 1960ರ ದಶಕದಲ್ಲಿ ಟೈರಿಗೆ ಬಂದಿತು. ನಮ್ಮ ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆ.ಕೆ. ಸಂಸ್ಥೆಗೆ ಸೇರಿತು. ಎಂ.ಆರ್.ಎಫ್. ಮತ್ತು ಜೆ.ಕೆ. ಎರಡೂ ಭಾರತದ ಮೋಟಾರು ಕ್ರೀಡೆಗೆ ಬಹುಕಾಲದಿಂದ ಬೆಂಬಲ ಕೊಟ್ಟಿವೆ. ಮಿಶಲಾ ಸಂಸ್ಥೆ 1946ರಲ್ಲಿ ಪೇಟೆಂಟು ಪಡೆದ ರೇಡಿಯಲ್ ಟೈರನ್ನು ಭಾರತದಲ್ಲಿ ಜೆ.ಕೆ. 1977ರಲ್ಲಿ ತಂದಿತು. ರೇಡಿಯಲ್‌ನಲ್ಲಿ ಪಕ್ಕದ ಗೋಡೆ ಬಾಗಿದರೂ ನೆಲ ತಾಗುವ ಪಟ್ಟಿ ಸಮವಾಗಿಯೇ ಉಳಿಯುತ್ತದೆ. ತಿರುವಿನಲ್ಲಿ ಅಂಗೈಯಗಲದ ಆ ಜಾಗ ಕೆಡದಿರಲು ಇದು ನೆರವಾಗುತ್ತದೆ.

ಅಮೆರಿಕದ ಡ್ರ್ಯಾಗ್ ರೇಸುಗಳಲ್ಲಿ 1950ರ ದಶಕದಿಂದ, ಫಾರ್ಮುಲಾ ಒನ್‌ನಲ್ಲಿ 1971ರಿಂದ, ಗೀರುಗಳೇ ಇಲ್ಲದ ನುಣುಪು ಟೈರು ಬಳಕೆಗೆ ಬಂತು. ಒಣ ಡಾಂಬರಿನಲ್ಲಿ ಗೀರುಗಳಿಂದ ಲಾಭವಿಲ್ಲ. ಅಷ್ಟು ರಬ್ಬರು ನಷ್ಟ. ಆದರೆ ಈ ಟೈರು ಚೆನ್ನಾಗಿ ಹಿಡಿಯುವುದು ಸುಮಾರು 80-100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಒಂದು ನಿಮಿಷದಲ್ಲಿ ಮುಗಿಯುವ ಆಟೋಕ್ರಾಸ್ ಓಟದಲ್ಲಿ ಅದು ಬಿಸಿಯಾಗುವ ಮೊದಲೇ ಸ್ಪರ್ಧೆ ಮುಗಿದಿರುತ್ತದೆ! ತಣ್ಣಗಿರುವಾಗಲೇ ಹಿಡಿಯುವ ಮೃದುವಾದ ರಸ್ತೆ ಟೈರು ಅಲ್ಲಿ ಮೇಲು. ಅದೇ ಮೃದು ಟೈರನ್ನು ಪಥದಲ್ಲಿ 20 ನಿಮಿಷ ಸತತವಾಗಿ ಓಡಿಸಿದರೆ ಮಿತಿಮೀರಿ ಬಿಸಿಯಾಗಿ ಹಿಡಿತ ಬಿಡುತ್ತದೆ. ಗ್ರೋಷ್ ಕಂಡ ಶಿಖರದ ಈಚೆಗೆ ಒಂದು, ಆಚೆಗೆ ಇನ್ನೊಂದು.

ನಾಲ್ಕು ತಾಲ್ಲೂಕು, ನಾಲ್ಕು ನೆಲ

ಅಮೆರಿಕದಲ್ಲಿ ಆಟೋಕ್ರಾಸ್ ಎಂದರೆ ಡಾಂಬರು ಬಯಲಿನಲ್ಲಿ ಕೋನುಗಳ ನಡುವೆ ಕಾರು ಓಡಿಸುವುದು. ನಮ್ಮಲ್ಲಿ ಅದು ಹೆಚ್ಚಾಗಿ ನಡೆಯುವುದು ಮಣ್ಣಿನ ಬಯಲಿನಲ್ಲಿ. ಇಲ್ಲಿ ಭೌತಶಾಸ್ತ್ರವೇ ಬದಲಾಗುತ್ತದೆ. ಸಡಿಲ ಮಣ್ಣಿನ ಮೇಲೆ ರಬ್ಬರು ಜಾರುವುದಕ್ಕಿಂತ ಮೊದಲು ಮಣ್ಣೇ ಮಣ್ಣಿನ ಮೇಲೆ ಜಾರುತ್ತದೆ. ಆದ್ದರಿಂದ ಹಿಡಿತದ ಮಿತಿಯನ್ನು ನಿರ್ಧರಿಸುವುದು ರಬ್ಬರಲ್ಲ, ಮಣ್ಣಿನ ಬಲ.

ಮಣ್ಣಿನ ಬಲಕ್ಕೆ ನಿಯಮ ಕೊಟ್ಟವನು ಯಾರು ಗೊತ್ತೇ? ಮತ್ತೆ ಅದೇ ಕುಲಂ! ಕೋಟೆ ಕಟ್ಟುವ ಸೇನಾ ಎಂಜಿನಿಯರಾಗಿದ್ದ ಅವನು 1776ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ಮಣ್ಣಿನ ಬಲವೆಂದರೆ ಅದರ ಅಂಟು ಮತ್ತು ಕಣಗಳ ನಡುವಿನ ಘರ್ಷಣೆ ಎರಡರ ಮೊತ್ತ ಎಂದು ತೋರಿಸಿದನು. ರಬ್ಬರಿನ ಬಳಿ ಸೋತ ಕುಲಂ ಮಣ್ಣಿನ ಬಳಿ ಗೆಲ್ಲುತ್ತಾನೆ.

ಈ ನಿಯಮವನ್ನು ಕಣ್ಣಾರೆ ನೋಡಲು ಕೋಲಾರ ಜಿಲ್ಲೆ ಒಳ್ಳೆಯ ಪ್ರಯೋಗಶಾಲೆ. ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನ ದಾರಿಗಳಲ್ಲಿ ಮರಳು ಬೆರೆತ ಕೆಂಪು ಮಣ್ಣು. ಒಣಗಿದಾಗ ಅಂಟು ಕಡಿಮೆ, ಘರ್ಷಣೆಯೇ ಮುಖ್ಯ. ಇಲ್ಲಿ ದಪ್ಪ ಗೆಣ್ಣುಗಳಿರುವ, ತೀರ ಅಗಲವಲ್ಲದ ಟೈರು ಸಡಿಲ ಪದರವನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ತಲಪುತ್ತದೆ. ಅಗಲ ಟೈರು ಸಡಿಲ ಕಣಗಳ ಮೇಲೆ ತೇಲುತ್ತದೆ. ಇಟ್ಟಿಗೆ, ಹೆಂಚುಗಳಿಗೆ ಹೆಸರಾದ ಮಾಲೂರಿನಲ್ಲಿ ಜೇಡಿ ಮಣ್ಣುಂಟು. ಒದ್ದೆಯಾದ ಜೇಡಿಗೆ ಅಂಟೇ ಆಧಾರ. ಅದು ಟೈರಿನ ಗೀರುಗಳನ್ನು ತುಂಬಿ ಯಾವ ಟೈರನ್ನೂ ಬೋಳು ಟೈರಾಗಿಸುತ್ತದೆ. ಗೆಣ್ಣುಗಳು ದೂರ ದೂರವಿದ್ದರೆ ಮಾತ್ರ ಕೆಸರು ಸಿಡಿದು ಹೋಗುತ್ತದೆ. ಮುಳಬಾಗಿಲಿನ ಆವಣಿಯ ಕಡೆ ಗ್ರಾನೈಟ್ ಬಂಡೆಗಳು. ಗಟ್ಟಿಯಾದ ಒರಟು ಕಲ್ಲಿನ ಮೇಲೆ ಮೃದು ರಬ್ಬರು ಚೆನ್ನಾಗಿ ಹಿಡಿಯುತ್ತದೆ. ಚೂಪು ಅಂಚುಗಳು ಅದನ್ನೇ ಬೇಗ ಹರಿಯುತ್ತವೆ. ಇನ್ನು ಕೋಲಾರದ ಹೆದ್ದಾರಿಯ ಡಾಂಬರು: ಇಲ್ಲಿ ಹಿಡಿತ ಮತ್ತೆ ರಬ್ಬರಿನದೇ, ಮಳೆ ಬರುವವರೆಗೆ.

ನೀರು ಬಂದಾಗ

ಕೋಲಾರ ಜಿಲ್ಲೆಯಲ್ಲಿ ಮಳೆ ಹೆಚ್ಚಾಗಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಬಹುದಿನ ಒಣಗಿದ್ದ ರಸ್ತೆಯ ಮೇಲೆ ಮೊದಲ ಹನಿಗಳು ದೂಳು ಮತ್ತು ಎಣ್ಣೆಯೊಂದಿಗೆ ಬೆರೆತು ಜಾರು ಲೇಪವಾಗುತ್ತವೆ. ಮಳೆ ಜೋರಾದರೆ ಬೇರೊಂದು ಅಪಾಯವಿದೆ. ಟೈರಿನ ಮುಂದೆ ನೀರಿನ ದಿಂಬು ಕಟ್ಟಿ, ಅದರ ಒತ್ತಡ ಟೈರಿನ ಗಾಳಿಯ ಒತ್ತಡಕ್ಕೆ ಸಮವಾದಾಗ ಚಕ್ರ ನೆಲ ಬಿಟ್ಟು ತೇಲುತ್ತದೆ. ಆಗ ಸ್ಟಿಯರಿಂಗೂ ಇಲ್ಲ, ಬ್ರೇಕೂ ಇಲ್ಲ. ವಿಮಾನಗಳ ಟೈರುಗಳನ್ನು ಅಭ್ಯಸಿಸಿ ಇದಕ್ಕೆ ಸೂತ್ರ ಕೊಟ್ಟದ್ದು ಅಮೆರಿಕದ ನಾಸಾದ ಹಾರ್ನ್ ಮತ್ತು ಡ್ರೆಹರ್, 1963ರಲ್ಲಿ. ನಮ್ಮ ಮಾನಗಳಲ್ಲಿ ಹೇಳುವುದಾದರೆ, ಚದರ ಸೆಂಮೀಗೆ ಕೆಜಿಗಳಲ್ಲಿರುವ ಗಾಳಿಯ ಒತ್ತಡದ ವರ್ಗಮೂಲವನ್ನು ಸುಮಾರು 63ರಿಂದ ಗುಣಿಸಿದರೆ ತೇಲುವ ವೇಗ ಗಂಟೆಗೆ ಕಿಮೀಗಳಲ್ಲಿ ಬರುತ್ತದೆ. ಒತ್ತಡ 2.1 ಇದ್ದರೆ ಸುಮಾರು 91 ಕಿಮೀ. ಗಾಳಿ ಇಳಿದು 1.75 ಆಗಿದ್ದರೆ 83 ಕಿಮೀ ಮಾತ್ರ. ನೀರನ್ನು ಹೊರದೂಡಲು ಗೀರುಗಳು ಸಾಲದ ಟೈರಿಗೆ, ರಸ್ತೆಯ ಮೇಲೆ ನೀರು ನಿಂತಿರುವಾಗ, ಈ ಲೆಕ್ಕ ಅನ್ವಯವಾಗುತ್ತದೆ. ಹೆದ್ದಾರಿಯಲ್ಲಿ ಈ ವೇಗಗಳು ಅಪರೂಪವೇನಲ್ಲ.

ಬ್ರೇಕಿನ ಲೆಕ್ಕವನ್ನೂ ನೀವೇ ಮಾಡಿ ನೋಡಿ. ಗಂಟೆಗೆ 80 ಕಿಮೀ ವೇಗದಲ್ಲಿ ಘರ್ಷಣಾಂಕ 0.8 ಇದ್ದರೆ, ಬ್ರೇಕು ಒತ್ತಿದ ಮೇಲೆ ವಾಹನ ನಿಲ್ಲಲು ಸುಮಾರು 31 ಮೀಟರು ಬೇಕು. ಅದು 0.4ಕ್ಕೆ ಇಳಿದರೆ 63 ಮೀಟರು. ಆ ಹೆಚ್ಚಿನ 32 ಮೀಟರಿನಲ್ಲಿ ರಸ್ತೆ ದಾಟುತ್ತಿರುವ ಶಾಲಾ ಮಗುವೊಂದು ಇರಬಹುದು.

ಸವೆದು ಬೋಳಾದ ಟೈರನ್ನು ತೋರಿಸಿ "ರೇಸ್ ಕಾರಿನದೂ ಹೀಗೇ ಇರುತ್ತದಲ್ಲ" ಎನ್ನುವವರಿದ್ದಾರೆ. ಇದು ತಪ್ಪು ಹೋಲಿಕೆ. ರೇಸಿನ ನುಣುಪು ಟೈರು ಮೃದುವಾದ ಹೊಸ ರಬ್ಬರಿನದು, ಒಣ ಪಥಕ್ಕೆಂದೇ ಮಾಡಿದ್ದು. ಮಳೆ ಬಂದರೆ ಅಲ್ಲೂ ಅದನ್ನು ಕಳಚಿ ಗೀರುಳ್ಳ ಟೈರು ತೊಡಿಸುತ್ತಾರೆ. ಬೋಳು ಟೈರಿನಲ್ಲಿ ಉಳಿದಿರುವುದು ಹಳತಾಗಿ ಗಡುಸಾದ ತೆಳು ಪದರ. ನಮ್ಮ ಮೋಟಾರು ವಾಹನ ನಿಯಮಗಳಂತೆ ಕಾರಿನ ಟೈರಿನ ಗೀರು 1.6 ಮಿಮೀಗಿಂತ ಕಡಿಮೆ ಆಳವಿರಬಾರದು.

ಟೈರಿನ ಗೋಡೆಯನ್ನು ಓದುವುದು

ಆಯ್ಕೆಗೆ ಬೇಕಾದ ಮಾಹಿತಿ ಬಹುಮಟ್ಟಿಗೆ ಟೈರಿನ ಪಕ್ಕದ ಗೋಡೆಯಲ್ಲೇ ಇರುತ್ತದೆ. 185/65 ಆರ್ 14 ಎಂದಿದ್ದರೆ ಅಗಲ 185 ಮಿಮೀ, ಗೋಡೆಯ ಎತ್ತರ ಅಗಲದ ಶೇ. 65, ರೇಡಿಯಲ್ ರಚನೆ, ರಿಮ್ಮಿನ ವ್ಯಾಸ 14 ಅಂಗುಲ. ಮುಂದಿನ ಅಕ್ಷರ ವೇಗದ ಮಿತಿ: ಎಸ್ ಎಂದರೆ ಗಂಟೆಗೆ 180 ಕಿಮೀ, ಟಿ ಎಂದರೆ 190, ಎಚ್ ಎಂದರೆ 210. ಇದು ಟೈರು ತಾಳಬಲ್ಲ ವೇಗವೇ ಹೊರತು ಹಿಡಿತದ ಅಳತೆಯಲ್ಲ. ನಾಲ್ಕು ಅಂಕೆಗಳ ಒಂದು ಸಂಖ್ಯೆ ತಯಾರಿಯ ವಾರ ಮತ್ತು ವರ್ಷವನ್ನು ಹೇಳುತ್ತದೆ: 2319 ಎಂದರೆ 2019ರ 23ನೇ ವಾರ. ಅಗ್ಗಕ್ಕೆ ಸಿಗುವ ಬಳಸಿದ ರೇಸ್ ಟೈರನ್ನು ಕೊಳ್ಳುವ ಮೊದಲು ನೋಡಬೇಕಾದದ್ದು ಇದನ್ನೇ. ರಬ್ಬರು ಗೀರು ಸವೆಯದಿದ್ದರೂ ಮುದಿಯಾಗುತ್ತದೆ.

ಅಮೆರಿಕದ ಮಾನದಂಡಕ್ಕೆ ಒಳಪಟ್ಟ ಟೈರುಗಳ ಮೇಲೆ ಸವೆತದ ಅಂಕೆಯೂ ಇರುತ್ತದೆ. ಮಾದರಿ ಟೈರಿಗೆ 100. ಅಂಕೆ ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು, ಸಾಮಾನ್ಯವಾಗಿ ಹಿಡಿತ ಕಡಿಮೆ. ಅಲ್ಲಿನ ಆಟೋಕ್ರಾಸ್‌ನ ಹಲವು ವರ್ಗಗಳಲ್ಲಿ 200ಕ್ಕಿಂತ ಕಡಿಮೆ ಅಂಕೆಯ ಟೈರು ನಿಷಿದ್ಧ. ಹಣವಿದ್ದವನೇ ಗೆಲ್ಲುವಂತಾಗಬಾರದು, ಅದೇ ಟೈರಿನಲ್ಲಿ ಮನೆಗೂ ಮರಳುವಂತಿರಬೇಕು ಎಂಬುದು ಇಂಥ ಕಟ್ಟಳೆಯ ಪ್ರಯೋಜನ. ಹೊಸದಾಗಿ ಕಲಿಯುವವರಿಗೂ ಇದೇ ಮಾರ್ಗ ಒಳ್ಳೆಯದು. ಮೊದಲು ಸಾಧಾರಣ ರಸ್ತೆ ಟೈರಿನಲ್ಲೇ, ಸರಿಯಾದ ಗಾಳಿ ತುಂಬಿ, ಸ್ಪರ್ಧೆಯ ಬಯಲಿನಲ್ಲಿ ಅಭ್ಯಾಸ ಮಾಡಲಿ. ಕಡಿಮೆ ಹಿಡಿತದ ಟೈರು ಕಡಿಮೆ ವೇಗದಲ್ಲೇ ಜಾರಿ, ಮಿತಿ ಎಲ್ಲಿದೆ ಎಂಬುದನ್ನು ಕಲಿಸುತ್ತದೆ. ಮೃದು ಟೈರು ತಪ್ಪನ್ನು ಬಹಳ ಹೊತ್ತು ಮುಚ್ಚಿಟ್ಟು, ಹೆಚ್ಚಿನ ವೇಗದಲ್ಲಿ ತೋರಿಸುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಹಳೆಯ ಟ್ಯೂಬಿನ ತುಂಡೊಂದನ್ನು ಸಾಬೂನಿನಿಂದ ತೊಳೆದು ಒಣಗಿಸಿ ಮರದ ತುಂಡಿನ ತಳಕ್ಕೆ ಅಂಟಿಸಿ. ಅದನ್ನು ಗಾಜಿನ ಮೇಲಿಟ್ಟು, ಮೇಲೆ 100, 200, 400, 800 ಗ್ರಾಂ ತೂಕಗಳನ್ನು ಹೇರುತ್ತ, ಸ್ಪ್ರಿಂಗ್ ತಕ್ಕಡಿಯಿಂದ ನಿಧಾನವಾಗಿ ಎಳೆಯಿರಿ. ಒಟ್ಟು ಭಾರಕ್ಕೆ ಮರದ ತುಂಡಿನ ತೂಕವನ್ನೂ ಸೇರಿಸಿಕೊಳ್ಳಿ. ಎಳೆದ ಬಲವನ್ನು ಭಾರದಿಂದ ಭಾಗಿಸಿದರೆ ಘರ್ಷಣಾಂಕ. ರಬ್ಬರಿಲ್ಲದ ಮರದ ತುಂಡಿನಲ್ಲೂ ಇದನ್ನೇ ಮಾಡಿ ಎರಡು ನಕ್ಷೆಗಳನ್ನು ಹೋಲಿಸಿ. ಮರದ ಗೆರೆ ಹೆಚ್ಚುಕಡಿಮೆ ಸಮತಲವಾಗಿರುತ್ತದೆ. ರಬ್ಬರಿನದು ಭಾರ ಹೆಚ್ಚಿದಂತೆ ಇಳಿಯುತ್ತದೆ.

ಎರಡನೆಯ ಪ್ರಯೋಗಕ್ಕೆ ಬೇರೆ ಬೇರೆ ಟೈರುಗಳ ಚೂರುಗಳು ಮತ್ತು ಒಂದು ಬೇರಿಂಗ್ ಗುಂಡು ಸಾಕು. ಚೂರುಗಳು ಒಂದೇ ದಪ್ಪವಿರಲಿ. ಅವನ್ನು ಕಲ್ಲುಚಪ್ಪಡಿಯ ಮೇಲಿಟ್ಟು, ಒಂದೇ ಎತ್ತರದಿಂದ ಗುಂಡನ್ನು ಬಿಡಿ. ಎಲ್ಲಿ ಗುಂಡು ಕಡಿಮೆ ಪುಟಿಯುತ್ತದೋ ಆ ರಬ್ಬರು ಹೆಚ್ಚು ಶಕ್ತಿಯನ್ನು ನುಂಗಿದೆ. ಚೂರುಗಳನ್ನು ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಮತ್ತೆ ನೋಡಿ, ಪುಟಿತ ಬದಲಾಗುತ್ತದೆ. ಗ್ರೋಷ್ ಹೇಳಿದ ಉಷ್ಣತೆಯ ಪಾತ್ರ ವಿದ್ಯಾರ್ಥಿಗಳ ಕಣ್ಣಮುಂದೆಯೇ ಇರುತ್ತದೆ.

ಹಿಂದಿನ ಬೆಂಚಿನ ವಿದ್ಯಾರ್ಥಿಯ ಪ್ರಶ್ನೆಗೆ "ಅದು ಪಠ್ಯದಲ್ಲಿಲ್ಲ" ಎಂದು ಉತ್ತರಿಸಬೇಕಾಗಿಲ್ಲ. ಅಮೊಂತೊ ಮತ್ತು ಕುಲಂ ನಿಯಮಗಳು ಮರ, ಲೋಹಗಳಿಗೆ ಚೆನ್ನಾಗಿ ಹೊಂದುತ್ತವೆ, ರಬ್ಬರಿಗೆ ಹೊಂದುವುದಿಲ್ಲ ಎಂಬ ಒಂದು ವಾಕ್ಯವನ್ನು ಪಾಠಕ್ಕೆ ಸೇರಿಸಿದರೆ ಸಾಕು. ಆ ವಾಕ್ಯವನ್ನು ತನ್ನ ಕೈಯಿಂದಲೇ ಅಳೆದು ತಿಳಿದವನು ಟೈರಿನ ಅಂಗಡಿಯಲ್ಲಿ ಅಗಲವನ್ನಷ್ಟೇ ಕೇಳುವುದಿಲ್ಲ. ಯಾವ ನೆಲಕ್ಕೆ, ಎಷ್ಟು ಹೊತ್ತಿಗೆ, ಮಳೆ ಬಂದರೆ ಹೇಗೆ ಎಂದು ಕೇಳುತ್ತಾನೆ.